ಪಂಕ್ತಿ, ಹೋಟೆಲು, ಬಾಣಸಿಗ: ಬೆಂಗಳೂರಿನ ಸಾರ್ವಜನಿಕ ಭೋಜನದ ಸ್ಥಿತ್ಯಂತರಗಳು

1. ಪ್ರಸ್ತಾವನೆ

ಮನೆಯ ಹೊರಗೆ ಹಣ ಕೊಟ್ಟು ಉಣ್ಣುವ ರೂಢಿ ಬೆಂಗಳೂರಿನಲ್ಲಿ ಬೇರೂರಿ ಒಂದು ಶತಮಾನ ಕಳೆದಿದೆ. ಈ ಅವಧಿಯಲ್ಲಿ ಕಾಫಿ ಕ್ಲಬ್ಬು, ಬೋರ್ಡಿಂಗು, ಮಿಲಿಟರಿ ಹೋಟೆಲು, ಖಾನಾವಳಿ, ದರ್ಶಿನಿ ಮುಂತಾದ ಹಲವು ರೂಪಗಳು ನಗರದಲ್ಲಿ ಕಾಣಿಸಿಕೊಂಡವು. ಕಳೆದ ಎರಡು ದಶಕಗಳಲ್ಲಿ ಇವುಗಳ ಸಾಲಿಗೆ ಮತ್ತೊಂದು ರೂಪ ಸೇರಿದೆ. ಹೆಸರಾಂತ ಬಾಣಸಿಗನೊಬ್ಬನ ಮುಂದಾಳತ್ವದಲ್ಲಿ, ಮೊದಲೇ ಸ್ಥಳ ಕಾಯ್ದಿರಿಸಿದ ಕೆಲವೇ ಅತಿಥಿಗಳಿಗೆ, ಆತನೇ ನಿಗದಿಪಡಿಸಿದ ಅನುಕ್ರಮದಲ್ಲಿ ಬಡಿಸಲಾಗುವ ಭೋಜನಕೂಟ ಅದು. ‘ಷೆಫ್ಸ್ ಟೇಬಲ್’, ‘ಟೇಸ್ಟಿಂಗ್ ಮೆನು’, ‘ಪಾಪ್ ಅಪ್’, ‘ಸಪ್ಪರ್ ಕ್ಲಬ್’ ಎಂಬ ಹೆಸರುಗಳಿಂದ ಇದು ಪ್ರಚಲಿತವಾಗಿದೆ.

ಈ ಹೊಸ ರೂಪವನ್ನು ಜಾಗತೀಕರಣದ ಮತ್ತೊಂದು ಆಮದು ಎಂದು ಬದಿಗೆ ಸರಿಸುವುದು ಸುಲಭ. ಆದರೆ ಅದನ್ನು ಕನ್ನಡ ಸಮಾಜದ ಭೋಜನ ಚರಿತ್ರೆಯಲ್ಲಿಟ್ಟು ನೋಡಿದಾಗ ಎರಡು ಹಳೆಯ ಪ್ರಶ್ನೆಗಳು ಎದ್ದು ಬರುತ್ತವೆ. ಯಾರೊಡನೆ ಕುಳಿತು ಉಣ್ಣುವುದು ಎಂಬುದು ಮೊದಲನೆಯದು. ಅಡುಗೆ ಮಾಡಿದವರು ಯಾರು ಎಂಬುದು ಎರಡನೆಯದು. ಪಂಕ್ತಿ, ಹೋಟೆಲು, ಬಾಣಸಿಗನ ಭೋಜನಕೂಟ ಎಂಬ ಮೂರು ನೆಲೆಗಳು ಈ ಪ್ರಶ್ನೆಗಳಿಗೆ ನೀಡಿದ ಉತ್ತರಗಳನ್ನು ಹೋಲಿಸಿ, ಅಡುಗೆಯವನಿಗೆ ದೊರೆತ ಹೆಸರು ಮತ್ತು ಉಣ್ಣುವವನಿಗೆ ದೊರೆತ ಪ್ರವೇಶ ಇವುಗಳ ನಡುವಿನ ಸಂಬಂಧವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಪರಂಪರೆಯಲ್ಲಿ ಬಾಣಸಿಗನ ಸ್ಥಾನ

ಕನ್ನಡದಲ್ಲಿ ಪಾಕಶಾಸ್ತ್ರದ ಬರವಣಿಗೆಗೆ ದೀರ್ಘ ಪರಂಪರೆಯಿದೆ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಉಲ್ಲೇಖವಿರುವುದು ಸುಪರಿಚಿತ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೆ ಪ್ರತ್ಯೇಕ ಸ್ಥಾನವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ವು ಅರಮನೆಯ ಸಸ್ಯಾಹಾರ ಮತ್ತು ಮಾಂಸಾಹಾರ ಎರಡನ್ನೂ ವಿವರಿಸುತ್ತದೆ. ಹದಿನಾರನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವು ವಾರ್ಧಕ ಷಟ್ಪದಿಯಲ್ಲಿ ಸಸ್ಯಾಹಾರದ ಪಾಕವಿಧಾನಗಳನ್ನು ಹೇಳುತ್ತದೆ. ಕೆಳದಿಯ ಬಸವರಾಜನ ‘ಶಿವತತ್ತ್ವರತ್ನಾಕರ’ದಲ್ಲಿಯೂ ಪಾಕಕ್ಕೆ ಸಂಬಂಧಿಸಿದ ಭಾಗವಿದೆ.

ಈ ಗ್ರಂಥಕರ್ತರಲ್ಲಿ ಸೋಮೇಶ್ವರ ಮತ್ತು ಬಸವರಾಜರು ಆಳುವ ಅರಸರು. ಮಂಗರಸನು ಜೈನ ಪ್ರಭು. ಚಾವುಂಡರಾಯನು ಆಸ್ಥಾನದ ಆಶ್ರಯದಲ್ಲಿದ್ದ ಪಂಡಿತ. ಒಲೆಯ ಮುಂದೆ ನಿಂತು ಬದುಕು ಸಾಗಿಸಿದ ಬಾಣಸಿಗನೊಬ್ಬನ ಹೆಸರಿನಲ್ಲಿ ಈ ಜ್ಞಾನ ದಾಖಲಾಗಿಲ್ಲ. ಪಾಕದ ಅನುಭವ ಒಬ್ಬರದು, ಗ್ರಂಥದ ಕೀರ್ತಿ ಮತ್ತೊಬ್ಬರದು ಎಂಬ ವಿಭಜನೆ ಇಲ್ಲಿ ಸ್ಪಷ್ಟವಾಗಿದೆ.

ಕಾವ್ಯಲೋಕದ ಸಾಕ್ಷ್ಯವೂ ಇದೇ ದಿಕ್ಕಿನಲ್ಲಿದೆ. ಅಡುಗೆಯ ಹಿರಿಮೆಯನ್ನು ಹೇಳಲು ಕನ್ನಡಿಗರು ಇಂದಿಗೂ ಬಳಸುವ ಮಾತುಗಳು ‘ನಳಪಾಕ’, ‘ಭೀಮಪಾಕ’. ಬಾಹುಕನೆಂಬ ಹೆಸರಿನಲ್ಲಿದ್ದ ನಳ, ವಲಲನೆಂಬ ಹೆಸರಿನಲ್ಲಿ ವಿರಾಟನ ಅಡುಗೆಮನೆ ಸೇರಿದ ಭೀಮ ಇಬ್ಬರೂ ಮಾರುವೇಷದ ಕ್ಷತ್ರಿಯರು. ಕನಕದಾಸರ ‘ನಳಚರಿತ್ರೆ’ ಮತ್ತು ಕುಮಾರವ್ಯಾಸನ ವಿರಾಟಪರ್ವದ ಓದುಗರಿಗೆ ಈ ಸಂದರ್ಭಗಳು ಪರಿಚಿತವಾದವು. ಪರಂಪರೆಯು ಹೆಸರಿಟ್ಟು ನೆನೆದ ಬಾಣಸಿಗರು ನಿಜದಲ್ಲಿ ಬಾಣಸಿಗರಲ್ಲ; ಅವರ ಕುಲ ಬಯಲಾದೊಡನೆ ಅಡುಗೆಮನೆಯ ವಾಸವೂ ಮುಗಿಯುತ್ತದೆ. ವೃತ್ತಿಯಿಂದಲೇ ಅಡುಗೆಯವನಾದವನಿಗೆ ಹೆಸರಿನ ಹಂಗು ಇರಲಿಲ್ಲ.

ಪದಗಳ ಚರಿತ್ರೆಯೂ ಗಮನಾರ್ಹ. ಅಡುಗೆಮನೆ ಎಂಬ ಅರ್ಥದ ‘ಮಹಾನಸ’ದ ತದ್ಭವವೆಂದು ನಿಘಂಟುಕಾರರು ಗುರುತಿಸುವ ‘ಬಾಣಸ’ದಿಂದ ‘ಬಾಣಸಿಗ’ ಬಂದಿದೆ. ಮುಂದೆ ಆಡುಮಾತಿನಲ್ಲಿ ‘ಅಡುಗೆಯವನು’, ‘ಅಡುಗೆ ಭಟ್ಟ’ ಎಂಬ ಮಾತುಗಳು ನೆಲೆಯೂರಿದವು. ವಿದ್ವಾಂಸನಿಗೆ ಸಲ್ಲುತ್ತಿದ್ದ ‘ಭಟ್ಟ’ ಎಂಬ ಬಿರುದು ಅಡುಗೆಯವನ ವಾಚಕವಾದುದು ಅರ್ಥಪಲ್ಲಟದ ಒಳ್ಳೆಯ ನಿದರ್ಶನ. ಈ ಪದ ಅಡುಗೆಯವನ ಕೌಶಲವನ್ನು ಹೇಳುವುದಿಲ್ಲ. ಆತನ ಜಾತಿಯನ್ನು ಹೇಳುತ್ತದೆ. ಪಂಕ್ತಿಭೋಜನದ ವ್ಯವಸ್ಥೆಗೆ ಬೇಕಾಗಿದ್ದ ಖಾತರಿಯೂ ಅದೇ ಆಗಿತ್ತು.

3. ಪಂಕ್ತಿಯ ವ್ಯಾಕರಣ

ಪಂಕ್ತಿಯಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು, ಒಂದೇ ಬಗೆಯ ಅಡುಗೆಯನ್ನು, ಒಂದೇ ಅನುಕ್ರಮದಲ್ಲಿ ಉಣ್ಣುತ್ತಾರೆ. ಎಲೆಯ ಯಾವ ಭಾಗದಲ್ಲಿ ಉಪ್ಪು, ಯಾವ ಭಾಗದಲ್ಲಿ ಕೋಸಂಬರಿ, ಸಾರಿನ ನಂತರ ಏನು, ಮಜ್ಜಿಗೆ ಯಾವಾಗ ಎಂಬುದೆಲ್ಲ ನಿಶ್ಚಿತ. ಎಲ್ಲರೂ ಒಟ್ಟಿಗೆ ಆರಂಭಿಸಿ ಒಟ್ಟಿಗೆ ಏಳುವುದು ಕ್ರಮ. ಉಣ್ಣುವವನಿಗೆ ಆಯ್ಕೆಯಿಲ್ಲ, ಬೆಲೆಯೂ ಇಲ್ಲ. ಆದರೆ ಸಾಲಿನಲ್ಲಿ ಕೂರುವ ಅರ್ಹತೆ ಜಾತಿಯಿಂದ ನಿರ್ಧಾರವಾಗುತ್ತದೆ. ಸೂತಕವನ್ನು ಮರೆಮಾಚಿ ದೇವಸ್ಥಾನದ ಪಂಕ್ತಿಯಲ್ಲಿ ಕುಳಿತ ಪ್ರಾಣೇಶಾಚಾರ್ಯನ ಭೀತಿಯನ್ನು ಅನಂತಮೂರ್ತಿಯವರ ‘ಸಂಸ್ಕಾರ’ವು ಕಾದಂಬರಿಯ ನಿರ್ಣಾಯಕ ಸನ್ನಿವೇಶಗಳಲ್ಲೊಂದಾಗಿ ಕಟ್ಟಿರುವುದಕ್ಕೆ ಈ ವ್ಯವಸ್ಥೆಯ ಬಿಗಿಯೇ ಕಾರಣ. ಶರಣರ ದಾಸೋಹದ ಕಲ್ಪನೆಯು ಈ ಬಿಗಿಯನ್ನು ಪ್ರಶ್ನಿಸಿತಾದರೂ ದೈನಂದಿನ ಸಮಾಜದಲ್ಲಿ ಪಂಕ್ತಿಭೇದ ಉಳಿದುಕೊಂಡೇ ಬಂದಿತು.

ಈ ವ್ಯವಸ್ಥೆಯೊಳಗೆ ಆಹಾರಗಳ ನಡುವೆಯೂ ತರತಮವಿತ್ತು. ಬೇಯಿಸಿದ ಅನ್ನ ‘ಮುಸುರೆ’. ಅದನ್ನು ಕಂಡಕಂಡವರ ಕೈಯಿಂದ ಸ್ವೀಕರಿಸಲಾಗದು. ಕರಿದ, ಹುರಿದ ತಿಂಡಿಗಳ ವಿಚಾರದಲ್ಲಿ ಕಟ್ಟುಪಾಡು ತುಸು ಸಡಿಲ. ಆರಂಭದ ಹೋಟೆಲುಗಳಲ್ಲಿ ಹಲವು ಕಾಫಿ ಮತ್ತು ತಿಂಡಿಯ ತಾಣಗಳಾಗಿದ್ದುದನ್ನು ಅರ್ಥಮಾಡಿಕೊಳ್ಳಲು ಈ ಭೇದ ನೆರವಾಗುತ್ತದೆ. ಇಂದಿಗೂ ಕನ್ನಡದಲ್ಲಿ ‘ಊಟ’ ಮತ್ತು ‘ತಿಂಡಿ’ ಬೇರೆ ಬೇರೆ ವರ್ಗಗಳಾಗಿಯೇ ಉಳಿದಿವೆ.

4. ಹೋಟೆಲಿನ ಆಗಮನ

ರೆಬೆಕಾ ಸ್ಪಾಂಗ್ ಅವರು ಪ್ಯಾರಿಸ್ಸಿನ ರೆಸ್ಟೋರೆಂಟಿನ ಹುಟ್ಟನ್ನು ಕುರಿತು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹದಿನೆಂಟನೆಯ ಶತಮಾನದ ಉತ್ತರಾರ್ಧದ ಈ ಹೊಸ ಸಂಸ್ಥೆ ಗಿರಾಕಿಗೆ ಪ್ರತ್ಯೇಕ ಮೇಜು, ತನಗೆ ಬೇಕಾದುದನ್ನು ಬೇಕಾದ ಹೊತ್ತಿಗೆ ಆಯ್ದುಕೊಳ್ಳುವ ಅವಕಾಶ ಮತ್ತು ನಮೂದಿತ ಬೆಲೆಯನ್ನು ಒದಗಿಸಿದ ಬಗೆಯನ್ನು ವಿವರಿಸುತ್ತಾರೆ. ಬೆಂಗಳೂರಿನ ಹೋಟೆಲಿನಲ್ಲಿಯೂ ಈ ಲಕ್ಷಣಗಳು ಕಾಣುತ್ತವೆ. ಆದರೆ ಇಲ್ಲಿ ಅವು ಜಾತಿಯ ಪ್ರಶ್ನೆಯನ್ನು ಎದುರಿಸಬೇಕಾಗಿತ್ತು.

ಪೇಟೆ ಮತ್ತು ದಂಡು ಎಂದು ಇಬ್ಭಾಗವಾಗಿದ್ದ ನಗರದಲ್ಲಿ ಹೊರಊಟದ ಚರಿತ್ರೆಯೂ ಎರಡು ಕವಲುಗಳಲ್ಲಿ ಹರಿಯಿತು. ದಂಡಿನ ಭಾಗದಲ್ಲಿ ಐರೋಪ್ಯರ ಕ್ಲಬ್ಬು, ಬೇಕರಿಗಳಿದ್ದವು. ಪೇಟೆಯ ಕಡೆ ಮತ್ತು ದಕ್ಷಿಣದ ಬಡಾವಣೆಗಳಲ್ಲಿ ಕರಾವಳಿಯಿಂದ ಬಂದವರ ಹೋಟೆಲುಗಳು ಹುಟ್ಟಿಕೊಂಡವು. 1924ರಲ್ಲಿ ಪರಂಪಳ್ಳಿಯ ಮಯ್ಯ ಸಹೋದರರು ಆರಂಭಿಸಿದ ಹೋಟೆಲಿನ ಮೊದಲ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’. ಅದು 1960ರಲ್ಲಿ ಲಾಲ್‌ಬಾಗ್ ರಸ್ತೆಗೆ ಸ್ಥಳಾಂತರಗೊಂಡು ‘ಮಾವಳ್ಳಿ ಟಿಫಿನ್ ರೂಮ್ಸ್’ ಆಯಿತು. 1943ರಲ್ಲಿ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿಗಳಿಗಾಗಿ ತೆರೆದ ‘ವಿದ್ಯಾರ್ಥಿ ಭವನ’ವು ಕ್ರಮೇಣ ಸಾಹಿತಿಗಳ ಕೂಡುತಾಣವಾಗಿ, ಕನ್ನಡ ಲೇಖಕರ ಭಾವಚಿತ್ರಗಳನ್ನು ತನ್ನ ಗೋಡೆಗಳ ಮೇಲೆ ಧರಿಸಿತು.

ಅನ್ನವನ್ನು ಮಾರುವುದು ಹೀನವೆಂಬ ಭಾವನೆಯನ್ನು ಮೀರಿಯೇ ಈ ಉದ್ಯಮ ಬೆಳೆಯಬೇಕಾಯಿತು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಘಟ್ಟದ ಮೇಲಿನ ಹೋಟೆಲು ವ್ಯವಹಾರದಿಂದ ಬಂದ ಹಣವು ಕರಾವಳಿಯ ಪುರೋಹಿತ ಕುಟುಂಬಗಳ ಅಂತಸ್ತಿನ ಲೆಕ್ಕಾಚಾರವನ್ನೇ ಬದಲಿಸುವುದನ್ನು ಕಾಣಬಹುದು. ಮನೆ ಬಿಟ್ಟು ಬಂದ ಹುಡುಗರು ಲೋಟ ತೊಳೆಯುವುದರಿಂದ ಆರಂಭಿಸಿ ಸಪ್ಲೈಯರ್, ಅಡುಗೆಯವ, ಗಲ್ಲದವ ಎಂಬ ಮೆಟ್ಟಿಲುಗಳನ್ನು ಏರಿದರು. ಹುಡುಗ ಎಂಬ ಅರ್ಥದ ‘ಮಾಣಿ’ ಶಬ್ದ ಹೋಟೆಲಿನಲ್ಲಿ ಬಡಿಸುವವನ ಹೆಸರಾದುದು ಈ ವಲಸೆಯ ಭಾಷಿಕ ಕುರುಹು.

ಆರಂಭದ ಹೋಟೆಲು ಪಂಕ್ತಿಯನ್ನು ಒಮ್ಮೆಲೇ ಮುರಿಯಲಿಲ್ಲ. ಫಲಕದ ಮೇಲಿನ ‘ಬ್ರಾಹ್ಮಿನ್’ ಎಂಬ ಪದ ಅಡುಗೆಯವನ ಜಾತಿಯನ್ನು ಘೋಷಿಸಿ ಸಂಪ್ರದಾಯಸ್ಥ ಗಿರಾಕಿಯ ಅಳುಕನ್ನು ನಿವಾರಿಸುತ್ತಿತ್ತು. ಕೆಲವೆಡೆ ಜಾತಿಗೆ ತಕ್ಕಂತೆ ಪ್ರತ್ಯೇಕ ಕೋಣೆಗಳೂ, ದಲಿತರಿಗೆ ಬೇರೆ ಲೋಟಗಳೂ ಇದ್ದವು. ಹೋಟೆಲು ಪ್ರವೇಶವು ಹಕ್ಕಾದುದು ಸಂವಿಧಾನದಿಂದ. 15ನೆಯ ವಿಧಿಯ ಎರಡನೆಯ ಖಂಡವು ಅಂಗಡಿಗಳು, ಸಾರ್ವಜನಿಕ ಉಪಾಹಾರಗೃಹಗಳು, ಹೋಟೆಲುಗಳ ಪ್ರವೇಶಕ್ಕೆ ಜಾತಿ, ಧರ್ಮ, ಲಿಂಗಗಳ ಕಾರಣದಿಂದ ಅಡ್ಡಿಯೊಡ್ಡುವುದನ್ನು ಹೆಸರಿಸಿ ನಿಷೇಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಅದಕ್ಕೆ ದಂಡನೆಯ ಬಲ ನೀಡಿತು. ರಾಷ್ಟ್ರದ ಮೂಲ ಶಾಸನವೊಂದು ಹೋಟೆಲನ್ನು ಹೆಸರಿಸಬೇಕಾಗಿ ಬಂದುದರಲ್ಲಿಯೇ ಸಹಭೋಜನದ ಪ್ರಶ್ನೆಯ ತೀವ್ರತೆ ಅಡಗಿದೆ.

ಹೀಗೆ ಹೋಟೆಲಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತವನ ಕುಲವನ್ನು ಕೇಳುವ ಅಧಿಕಾರ ಗಿರಾಕಿಗೆ ಇಲ್ಲದಾಯಿತು. ಆದರೆ ಅಡುಗೆಯವನು ಗೋಡೆಯ ಹಿಂದೆಯೇ ಉಳಿದನು. ಹೋಟೆಲಿಗೆ ಹೆಸರಿತ್ತು, ಮಾಲೀಕನಿಗೆ ಹೆಸರಿತ್ತು, ರವೆ ಇಡ್ಲಿಗೂ ಮಸಾಲೆ ದೋಸೆಗೂ ಕೀರ್ತಿಯಿತ್ತು. ದೋಸೆ ಹೊಯ್ದವನನ್ನು ಜನ ‘ಭಟ್ಟರು’ ಎಂದಷ್ಟೇ ಅರಿತಿದ್ದರು. ಎಂ.ಟಿ.ಆರ್.ನಲ್ಲಿ ಗಿರಾಕಿಗಳು ಅಡುಗೆಮನೆಯನ್ನು ಹಾದು ಒಳಹೋಗುವ ಏರ್ಪಾಡು ಇದ್ದುದು ಈ ಗೋಡೆಯನ್ನು ತೆರೆದ ಮಹತ್ವದ ಪ್ರಯೋಗ. 1951ರಲ್ಲಿ ಯೂರೋಪಿಗೆ ಹೋಗಿಬಂದ ಯಜ್ಞನಾರಾಯಣ ಮಯ್ಯರು ತಂದ ನೈರ್ಮಲ್ಯದ ಕಲ್ಪನೆಗಳೊಂದಿಗೆ ಇದನ್ನು ಓದಬೇಕು. ಮಡಿಯ ಖಾತರಿಯ ಸ್ಥಾನದಲ್ಲಿ ಶುಚಿತ್ವದ ಖಾತರಿ ಬಂದಿತು. ಗಿರಾಕಿ ಅಡುಗೆಮನೆಯನ್ನು ಕಂಡನು. ಅಡುಗೆಯವನ ಹೆಸರು ಮಾತ್ರ ಆಗಲೂ ಬೇಕಾಗಿರಲಿಲ್ಲ.

5. ಮಿಲಿಟರಿ ಹೋಟೆಲು, ಖಾನಾವಳಿ, ದರ್ಶಿನಿ

ಬೆಂಗಳೂರಿನ ಹೊರಊಟವನ್ನು ಉಡುಪಿ ಹೋಟೆಲುಗಳಿಗಷ್ಟೇ ಸೀಮಿತಗೊಳಿಸುವುದು ಸರಿಯಲ್ಲ. ರಾಗಿಮುದ್ದೆ, ಕಾಲು ಸೂಪು, ಕೈಮ, ದೊನ್ನೆ ಬಿರಿಯಾನಿಗಳನ್ನು ಬಡಿಸಿದ ಮಿಲಿಟರಿ ಹೋಟೆಲುಗಳು ಮಾಂಸಾಹಾರಿ ಬಹುಜನರ ನಗರವನ್ನು ಪೋಷಿಸಿವೆ. ಉತ್ತರ ಕರ್ನಾಟಕದ ಖಾನಾವಳಿಗಳು ಜೋಳದ ರೊಟ್ಟಿಯನ್ನು ರಾಜಧಾನಿಗೆ ತಂದವು. ಮರಾಠಿಯಿಂದ ಬಂದ ಆ ಪದ ತನ್ನೊಂದಿಗೆ ಮತ್ತೊಂದು ಭೋಜನ ಪ್ರದೇಶವನ್ನೇ ಹೊತ್ತು ತಂದಿತು. ಸಾಹಿತ್ಯದ ನೆನಪುಗಳಲ್ಲಿ ಕಾಫಿ ಹೋಟೆಲಿಗೆ ದೊರೆತಷ್ಟು ಸ್ಥಾನ ಮಿಲಿಟರಿ ಹೋಟೆಲಿಗೆ ದೊರೆತಿಲ್ಲ ಎಂಬುದು ಓದುಗವರ್ಗದ ಸಾಮಾಜಿಕ ಹಿನ್ನೆಲೆಯನ್ನು ಸೂಚಿಸುತ್ತದೆ.

1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ತೆರೆದ ‘ಕೆಫೆ ದರ್ಶಿನಿ’ ಮತ್ತೊಂದು ತಿರುವು. ಗಲ್ಲದಲ್ಲಿ ಹಣ ಕೊಟ್ಟು ಚೀಟಿ ಪಡೆಯುವುದು, ತಟ್ಟೆಯನ್ನು ತಾನೇ ಒಯ್ದು ನಿಂತು ತಿನ್ನುವುದು ಇದರ ಕ್ರಮ. ಕುರ್ಚಿ ಹೋಯಿತು, ಮಾಣಿ ಹೋದ, ಬೆಲೆ ಇಳಿಯಿತು. ಒಂದು ಅಂಗಡಿಯ ಹೆಸರು ಕೆಲವೇ ವರ್ಷಗಳಲ್ಲಿ ಜಾತಿವಾಚಕ ನಾಮಪದವಾಗಿ ಕನ್ನಡಕ್ಕೆ ಸೇರಿತು. ಎತ್ತರದ ಮೇಜಿನ ಸುತ್ತ ಅಧಿಕಾರಿ, ಆಟೋ ಚಾಲಕ, ವಿದ್ಯಾರ್ಥಿಗಳು ಒಟ್ಟಿಗೆ ನಿಂತು ‘ಬೈಟು ಕಾಫಿ’ ಹಂಚಿಕೊಳ್ಳುವ ಈ ತಾಣವು ಪಂಕ್ತಿಯ ನೇರ ವಿರುದ್ಧ ಧ್ರುವ. ಸಾಲಿಲ್ಲ, ಅನುಕ್ರಮವಿಲ್ಲ, ಅರ್ಹತೆಯ ವಿಚಾರಣೆಯಿಲ್ಲ. ಗೋಡೆ ತಗ್ಗಿ ಅಡುಗೆಯವನ ಕೈಚಳಕವೂ ಕಣ್ಣಿಗೆ ಬಿದ್ದಿತು. ಆದರೆ ದರ್ಶಿನಿಯ ವೇಗದಲ್ಲಿ ಆತನು ಮತ್ತಷ್ಟು ಅನಾಮಿಕನಾದನು.

6. ಬಾಣಸಿಗನ ಭೋಜನಕೂಟ

‘ಷೆಫ್’ ಎಂಬ ಫ್ರೆಂಚ್ ಪದದ ಮೂಲಾರ್ಥ ಮುಖ್ಯಸ್ಥ. ಅಡುಗೆಮನೆಯ ಶ್ರೇಣಿಯಲ್ಲಿ ಆಜ್ಞಾಪಿಸುವವನು ಆತ. ಭಾರತದಲ್ಲಿ ಈ ಪದ ದೀರ್ಘಕಾಲ ತಾರಾ ಹೋಟೆಲುಗಳ ಒಳಗೇ ಉಳಿದಿತ್ತು. ಬೆಂಗಳೂರಿನ ಮಟ್ಟಿಗೆ ತಾಜ್ ಸಮೂಹವು 1990ರಲ್ಲಿ ರೆಸಿಡೆನ್ಸಿ ರಸ್ತೆಯಲ್ಲಿ ಆರಂಭಿಸಿದ ‘ಕರಾವಳಿ’ ಒಂದು ಸಂಧಿಸ್ಥಾನ. ತಾರಾ ಹೋಟೆಲಿನ ಮೆನುವಿನಲ್ಲಿ ಮಂಗಳೂರು, ಕೊಡಗು, ಗೋವಾ, ಕೇರಳಗಳ ಮನೆಯಡುಗೆಗೆ ಅಲ್ಲಿ ಪ್ರಧಾನ ಸ್ಥಾನ ದೊರೆಯಿತು. ಮನೆಗಳಿಂದ ಕಲಿತುಬಂದ ಪಾಕಗಳೇ ಅದರ ಬಂಡವಾಳವಾದವು. ಕೊಡಗಿನವರಾದ ನರೇನ್ ತಿಮ್ಮಯ್ಯ ಅವರ ಹೆಸರು ಆ ಅಡುಗೆಮನೆಯೊಂದಿಗೆ ಬೆಸೆದುಕೊಂಡಿತು. ಹೊಸ ಶತಮಾನದಲ್ಲಿ ಮನು ಚಂದ್ರ, ಅಭಿಜಿತ್ ಸಾಹಾ ಮೊದಲಾದವರ ಹೆಸರುಗಳು ಅವರು ನಡೆಸಿದ ಭೋಜನಗೃಹಗಳಷ್ಟೇ ಪರಿಚಿತವಾದವು. ಕನ್ನಡ ಪತ್ರಿಕೆಗಳು ಇವರನ್ನು ಕುರಿತು ಬರೆಯುವಾಗ ಹಳಗನ್ನಡದ ‘ಬಾಣಸಿಗ’ ಪದವನ್ನು ಮತ್ತೆ ಚಲಾವಣೆಗೆ ತಂದವು. ‘ಭಟ್ಟ’ ಪದದಲ್ಲಿದ್ದ ಜಾತಿಯ ಛಾಯೆ ಇದಕ್ಕಿಲ್ಲದಿರುವುದು ಈ ಆಯ್ಕೆಯನ್ನು ಅರ್ಥಪೂರ್ಣವಾಗಿಸಿದೆ.

ಬಾಣಸಿಗನ ಭೋಜನಕೂಟವು ಈ ಬೆಳವಣಿಗೆಯ ಮುಂದಿನ ಹಂತ. ಜಾನ್ಸನ್ ಎಬೆನೆಜರ್ ಅವರ ‘ಫಾರ್ಮ್‌ಲೋರ್’ ನಗರದ ಹೊರವಲಯದ ತೋಟವೊಂದರಲ್ಲಿ, ಅಲ್ಲಿಯೇ ಬೆಳೆದ ಪದಾರ್ಥಗಳನ್ನೂ ಬಳಸಿ, ಕೆಲವೇ ಅತಿಥಿಗಳಿಗೆ ಹಲವು ಸುತ್ತುಗಳ ಭೋಜನ ಬಡಿಸುವ ಮಾದರಿಯನ್ನು ರೂಪಿಸಿತು. 2022ರಲ್ಲಿ ಕವನ್ ಕುಟ್ಟಪ್ಪ ಅವರು ಆರಂಭಿಸಿದ ‘ನಾರು’ವಿನಲ್ಲಿ ಅತಿಥಿಗಳು ಅಡುಗೆಕಟ್ಟೆಗೆ ಎದುರಾಗಿ ಕುಳಿತರು, ಅಲ್ಲಿನ ಆಸನಗಳು ಕಾಯ್ದಿರಿಸುವಿಕೆ ತೆರೆದ ನಿಮಿಷಗಳಲ್ಲೇ ಮುಗಿಯುತ್ತಿದ್ದುದು ಪತ್ರಿಕೆಗಳ ಸುದ್ದಿಯಾಯಿತು. ‘ಬೆಂಗಳೂರು ಊಟ ಕಂಪನಿ’ಯು ಒಕ್ಕಲಿಗ ಮತ್ತು ಮಂಗಳೂರು ಮನೆಗಳ ಅಡುಗೆಯನ್ನು ಮುಂಚಿತವಾಗಿ ತಿಳಿಸಿ ಬಂದವರಿಗೆ ಬಡಿಸುವ ಕ್ರಮ ಹಿಡಿಯಿತು. ಒಂದು ಊರಿನ ಬಾಣಸಿಗ ಮತ್ತೊಂದು ಊರಿನ ಅಡುಗೆಮನೆಯಲ್ಲಿ ಒಂದೆರಡು ದಿನ ಅಡುಗೆ ಮಾಡುವ ‘ಪಾಪ್ ಅಪ್’, ಗೃಹಿಣಿಯರು ತಮ್ಮ ಮನೆಯ ನಡುಮನೆಯಲ್ಲಿಯೇ ಹಣ ಪಡೆದು ಬಡಿಸುವ ‘ಸಪ್ಪರ್ ಕ್ಲಬ್’ಗಳೂ ರೂಢಿಗೆ ಬಂದವು.

ಇಂತಹ ಕೂಟದ ರಚನೆಯನ್ನು ಬಿಡಿಸಿ ನೋಡಿದಾಗ ಅದಕ್ಕೂ ಪಂಕ್ತಿಗೂ ಇರುವ ಸಾಮ್ಯ ಸ್ಪಷ್ಟವಾಗುತ್ತದೆ. ಅತಿಥಿಗಳ ಸಂಖ್ಯೆ ನಿಶ್ಚಿತ, ಹೊತ್ತು ನಿಶ್ಚಿತ. ಎಲ್ಲರಿಗೂ ಒಂದೇ ಭೋಜನ, ಒಂದೇ ಅನುಕ್ರಮ. ಹೋಟೆಲು ಗಿರಾಕಿಗೆ ಕೊಟ್ಟಿದ್ದ ಆಯ್ಕೆ ಇಲ್ಲಿ ಬಹುಮಟ್ಟಿಗೆ ಹಿಂದಕ್ಕೆ ಹೋಗಿದೆ. ಏನನ್ನು, ಯಾವುದರ ನಂತರ, ಎಷ್ಟು ಉಣ್ಣಬೇಕೆಂಬುದನ್ನು ಬಡಿಸುವವನೇ ನಿರ್ಧರಿಸುತ್ತಾನೆ. ಹೊಸ ಸಾಲಿಗೆ ಅರ್ಹತೆ ಜಾತಿಯಲ್ಲ. ದುಬಾರಿ ಮೊತ್ತವನ್ನು ಮುಂಗಡವಾಗಿ ತೆರುವ ಶಕ್ತಿ, ಸರಿಯಾದ ಹೊತ್ತಿಗೆ ಸುದ್ದಿ ತಲುಪುವ ಜಾಲ, ಇಂಗ್ಲಿಷಿನಲ್ಲಿ ನಡೆಯುವ ವಿವರಣೆಯನ್ನು ಗ್ರಹಿಸುವ ಪರಿಚಯ ಇವೇ ಇಲ್ಲಿನ ಪ್ರವೇಶಪತ್ರಗಳು. ಸಂವಿಧಾನದ ವಿಧಿ ತೆರೆದ ಬಾಗಿಲನ್ನು ಯಾರೂ ಮುಚ್ಚುವುದಿಲ್ಲ. ಆದರೂ ದರ್ಶಿನಿಯ ಮೇಜಿನ ಸುತ್ತ ಸೇರುತ್ತಿದ್ದ ಮಿಶ್ರ ಸಮುದಾಯ ಇಲ್ಲಿ ಸೇರಲಾರದು.

7. ಹೆಸರಿನ ಪ್ರಶ್ನೆ

ಇಷ್ಟಾದರೂ ಈ ಕೂಟದ ಸಾಧನೆಯನ್ನು ಅಲ್ಲಗಳೆಯಲಾಗದು. ಅಡುಗೆಯನ್ನು ವೃತ್ತಿಯಾಗಿ ಸ್ವೀಕರಿಸಿದವನು ಮಾರುವೇಷದ ಅರಸನಾಗದೆ, ಜಾತಿಯ ಖಾತರಿಯಾಗದೆ, ತನ್ನ ಹೆಸರಿನಿಂದಲೇ ಅತಿಥಿಗಳ ಮುಂದೆ ನಿಂತು ತನ್ನ ಅಡುಗೆಯನ್ನು ಕುರಿತು ಮಾತನಾಡುವುದು ಇಲ್ಲಿ ಸಾಧ್ಯವಾಗಿದೆ. ನಾಡಿನ ಬರವಣಿಗೆಯ ಪರಂಪರೆ ಶತಮಾನಗಳ ಕಾಲ ನಿರಾಕರಿಸಿದ್ದ ಮನ್ನಣೆ ಇದು. ಕೆಲವು ಸಪ್ಪರ್ ಕ್ಲಬ್ಬುಗಳ ಮೂಲಕ ಮನೆಯ ಹೆಣ್ಣುಮಕ್ಕಳ ದುಡಿಮೆಗೆ ಹೆಸರೂ ಹಣವೂ ದೊರೆತಿರುವುದು ಸಣ್ಣ ಸಂಗತಿಯಲ್ಲ.

ಆದರೆ ಒಂದು ಹೆಸರು ಬೆಳಕಿಗೆ ಬರುವಾಗ ಹಲವು ಹೆಸರುಗಳು ಹಿನ್ನೆಲೆಗೆ ಸರಿಯುತ್ತವೆ. ಮೊದಲನೆಯದಾಗಿ, ಷೆಫ್ ಎಂಬ ಮುಖ್ಯಸ್ಥನ ಹಿಂದೆ ತರಕಾರಿ ಹೆಚ್ಚುವ, ಮೀನು ಸ್ವಚ್ಛಗೊಳಿಸುವ, ಪಾತ್ರೆ ತೊಳೆಯುವ ಕೆಲಸಗಾರರಿದ್ದಾರೆ. ಹಿಂದೆ ಕುಂದಾಪುರ, ಉಡುಪಿಗಳಿಂದ ಬರುತ್ತಿದ್ದ ಮಾಣಿಯ ಸ್ಥಾನದಲ್ಲಿ ಇಂದು ಅನೇಕ ಕಡೆ ಈಶಾನ್ಯ ಮತ್ತು ಪೂರ್ವ ಭಾರತದ ತರುಣರಿದ್ದಾರೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಕೃತಿಯಲ್ಲಿ ಕಾಫಿ ಹೌಸಿನ ಮಾಣಿ ವಿನ್ಸೆಂಟನಿಗೆ ಹೆಸರಿದೆ. ನಿರೂಪಕನು ಆತನ ಮಾತಿನಲ್ಲಿ ದೈವವಾಣಿಯನ್ನೇ ಕಾಣುತ್ತಾನೆ. ನಿತ್ಯದ ಗಿರಾಕಿಗೂ ಮಾಣಿಗೂ ನಡುವಿನ ಅಂತಹ ಪರಿಚಯಕ್ಕೆ ಒಂದು ರಾತ್ರಿಯ ಕೂಟದಲ್ಲಿ ಅವಕಾಶವಿಲ್ಲ.

ಎರಡನೆಯದಾಗಿ, ಪಾಕದ ಮೂಲ ಯಾರದು ಎಂಬ ಪ್ರಶ್ನೆಯಿದೆ. ಮೆನುವಿನಲ್ಲಿ ‘ಅಜ್ಜಿಯ ಕೈರುಚಿ’ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಅಜ್ಜಿಗೆ ಹೆಸರಿರುವುದಿಲ್ಲ. ಮಂಗರಸನ ಕಾಲದಲ್ಲಿ ಪಾಕಜ್ಞಾನಕ್ಕೂ ಗ್ರಂಥಕರ್ತೃತ್ವಕ್ಕೂ ಇದ್ದ ಅಂತರ ಇಲ್ಲಿ ಮತ್ತೊಂದು ರೂಪದಲ್ಲಿ ಮುಂದುವರಿದಿದೆ. ಹಿಂದೆ ಅರಸನಿಗೆ ಸಂದ ಕೀರ್ತಿ ಇಂದು ಬಾಣಸಿಗನಿಗೆ ಸಲ್ಲುತ್ತಿದೆ.

ಮೂರನೆಯದು ಆಯ್ಕೆಯ ರಾಜಕಾರಣ. ಅರ್ಜುನ್ ಅಪ್ಪಾದುರೈ ಅವರು 1988ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಇಂಗ್ಲಿಷ್ ಅಡುಗೆ ಪುಸ್ತಕಗಳು ಪ್ರಾದೇಶಿಕ ಅಡುಗೆಗಳನ್ನು ಜೋಡಿಸಿ ‘ರಾಷ್ಟ್ರೀಯ’ ಅಡುಗೆಯೊಂದನ್ನು ನಿರ್ಮಿಸಿದ ಬಗೆಯನ್ನು ತೋರಿಸಿದ್ದಾರೆ. ‘ಕರ್ನಾಟಕದ ಅಡುಗೆ’ ಎಂಬ ಹೆಸರಿನ ಭೋಜನಕೂಟಗಳಲ್ಲಿಯೂ ಇಂತಹ ನಿರ್ಮಾಣ ನಡೆಯುತ್ತಿದೆ. ಕೊಡಗಿನ ಪಂದಿಕರಿ, ಬಂಟರ ಕೋರಿ ರೊಟ್ಟಿ, ಒಕ್ಕಲಿಗರ ಸಾರುಗಳು ಇಲ್ಲಿ ಸ್ಥಾನ ಪಡೆದಿವೆ. ಉಡುಪಿ ಹೋಟೆಲಿನ ಯಜಮಾನಿಕೆಯನ್ನು ಮೀರಿ ನಾಡಿನ ಮಾಂಸಾಹಾರಕ್ಕೆ ದೊರೆತ ಗೌರವವೆಂದು ಇದನ್ನು ಪರಿಗಣಿಸಬೇಕು. ಹಾಗಿದ್ದರೂ ದಲಿತ ಕೇರಿಗಳ ಅಡುಗೆಗೆ ಈ ಅನುಕ್ರಮದಲ್ಲಿ ಸ್ಥಾನ ಅಪರೂಪ. ಮರಾಠಿಯಲ್ಲಿ ಶಾಹು ಪಾಟೋಳೆ ಅವರು 2015ರಲ್ಲಿ ಮರಾಠವಾಡದ ದಲಿತರ ಆಹಾರವನ್ನು ದಾಖಲಿಸಿ ಪ್ರಕಟಿಸಿದ ಕೃತಿ ಈ ಕೊರತೆಯನ್ನು ಅರಿಯಲು ನೆರವಾಗುತ್ತದೆ. ಹಸಿವು, ಹಂಚಿಕೆ, ಅವಮಾನಗಳ ನೆನಪನ್ನು ಹೊತ್ತ ಆಹಾರವನ್ನು ದುಬಾರಿ ತಟ್ಟೆಯಲ್ಲಿ ‘ಮರೆತ ರುಚಿ’ಯಾಗಿ ಪ್ರದರ್ಶಿಸುವುದರಲ್ಲಿಯೂ ನೈತಿಕ ಇಕ್ಕಟ್ಟಿದೆ.

8. ಸಮಾರೋಪ

ಬೆಂಗಳೂರಿನ ಸಾರ್ವಜನಿಕ ಭೋಜನದ ಚರಿತ್ರೆಯಲ್ಲಿ ಪ್ರವೇಶ ಮತ್ತು ಹೆಸರು ಒಂದೇ ದಿಕ್ಕಿನಲ್ಲಿ ಸಾಗಿಲ್ಲ. ಪಂಕ್ತಿಯಲ್ಲಿ ಪ್ರವೇಶ ಸೀಮಿತವಾಗಿತ್ತು, ಅಡುಗೆಯವನು ಅನಾಮಿಕನಾಗಿದ್ದನು. ಹೋಟೆಲು ಮತ್ತು ದರ್ಶಿನಿಗಳು ಪ್ರವೇಶವನ್ನು ವಿಸ್ತರಿಸಿದವು. ಅಡುಗೆಯವನ ಅನಾಮಿಕತೆ ಉಳಿಯಿತು. ಬಾಣಸಿಗನ ಭೋಜನಕೂಟ ಅಡುಗೆಯವನಿಗೆ ಹೆಸರು ಕೊಟ್ಟಿತು; ಪ್ರವೇಶ ಮತ್ತೆ ಸಂಕುಚಿತವಾಯಿತು. ಅಡುಗೆಯವನ ಗೌರವವೂ ಉಣ್ಣುವವರ ಸಮಾನತೆಯೂ ಒಟ್ಟಿಗೆ ನೆಲೆಗೊಂಡ ತಾಣವೊಂದನ್ನು ನಗರ ಇನ್ನೂ ವ್ಯಾಪಕವಾಗಿ ರೂಪಿಸಿಕೊಂಡಿಲ್ಲ.

ಈ ಹಿನ್ನೆಲೆಯಲ್ಲಿ ಕನ್ನಡ ಅಧ್ಯಯನಕ್ಕೆ ಎರಡು ಕಾರ್ಯಗಳು ಎದುರಾಗುತ್ತವೆ. ಹೋಟೆಲುಗಳ ಒಳಗಿನ ವೃತ್ತಿಪದಗಳನ್ನು, ಅಡುಗೆಯವರು ಮತ್ತು ಮಾಣಿಗಳ ಮೌಖಿಕ ಚರಿತ್ರೆಯನ್ನು ಅವರವರ ಹೆಸರಿನಲ್ಲಿಯೇ ಸಂಗ್ರಹಿಸುವುದು ಮೊದಲನೆಯದು. ಉಡುಪಿ ಹೋಟೆಲುಗಳ ಮೊದಲ ತಲೆಮಾರು ಈಗಾಗಲೇ ಮರೆಯಾಗಿದೆ. ದರ್ಶಿನಿಗಳ ಆರಂಭವನ್ನು ಕಂಡವರು ಮುಪ್ಪಿನತ್ತ ಸಾಗಿದ್ದಾರೆ. ಆಯಾ ಸಮುದಾಯದ ಮಹಿಳೆಯರಲ್ಲಿರುವ ಪಾಕಜ್ಞಾನವನ್ನು, ಹೇಳಿದವರ ಹೆಸರು ಮತ್ತು ಊರಿನೊಂದಿಗೆ ದಾಖಲಿಸುವುದು ಎರಡನೆಯದು. ಸೂಪಶಾಸ್ತ್ರ ಪರಂಪರೆಯು ಬಿಟ್ಟುಹೋದ ಹೆಸರುಗಳನ್ನು ಇನ್ನು ತುಂಬಿಕೊಳ್ಳಲಾಗದು. ಈಗಿನ ಹೆಸರುಗಳು ಹಾಗೆಯೇ ಅಳಿಯದಂತೆ ನೋಡಿಕೊಳ್ಳುವುದು ಕನ್ನಡ ವಿಭಾಗಗಳ ಕ್ಷೇತ್ರಕಾರ್ಯದಿಂದ ಸಾಧ್ಯವಾಗುವ ಕೆಲಸವಾಗಿದೆ.